ಐದು ಗುಂಡು, ಒಂದೇ ತೂತು

ಎಂಬತ್ತರ ದಶಕದ ಮಾತು. ಮಸ್ಕತ್ತಿನಲ್ಲಿ ನಮ್ಮ ಅರಬಿ ಧಣಿಗಳಿಗೆ ಬಹುದೂರದ ಗುರಿಗೆ ಬಂದೂಕು ಹೊಡೆಯುವ ಹುಚ್ಚು. ಅದಕ್ಕೆಂದೇ ಉಡುಪಿಯ ಲಾರೆನ್ಸಣ್ಣ ಅಲ್ ಮಬೇಲಾದ ವರ್ಕ್‌ಶಾಪಿನಲ್ಲಿ, ಲೇತಿನಲ್ಲಿ ತಾಮ್ರ ಕಡೆದು ಗುಂಡು ಮಾಡಿಕೊಟ್ಟಿದ್ದರು. ಅವು ನೆಟ್ಟಗೆ ಹೋಗದಿದ್ದರೆ ಅವರ ನೌಕರಿ ಖಲಾಸ್.

ಪರೀಕ್ಷೆಯ ದಿನ ಇಬ್ರಾ ಊರಿನಾಚೆ, ಗುರಿಹಲಗೆಯ ಕೆಳಗಿನ ಹೊಂಡದಲ್ಲಿ ದೇವರ ನಾಮ ಹೇಳುತ್ತ ಕೂತವನು ನಾನು. ಪ್ರತಿ ಗುಂಡಿಗೂ ಹಲಗೆ ಇಳಿಸಿ ನೋಡಬೇಕು. ಶಾಲೆಯಲ್ಲೂ ಹರಿದ ಪುಸ್ತಕಕ್ಕೆ ಕಾಗದ ಅಂಟಿಸದೆ ಮೇಷ್ಟ್ರ ಎದುರು ನಿಂತವನಲ್ಲ ನಾನು. ಒಂದೊಂದು ತೂತಿಗೂ ಹಲಗೆಯದೇ ಬಣ್ಣದ ಕರಿಕಾಗದ ಅಂಟಿಸಿಯೇ ಹಲಗೆ ಏರಿಸಿದೆ. ಐದನೆಯದಕ್ಕೆ ಗೋಂದು ಮುಗಿದಿತ್ತು, ಅದೊಂದು ತೂತು ಹಾಗೇ ಉಳಿಯಿತು.

ಕೊನೆಗೆ ಧಣಿಗಳು ದುರ್ಬೀನಿನಲ್ಲಿ ನೋಡಿ, "ಐದೂ ಒಂದೇ ತೂತಿನಲ್ಲಿ" ಎಂದು ಲಾರೆನ್ಸಣ್ಣನನ್ನು ಅಪ್ಪಿಕೊಂಡರಂತೆ. ಇಬ್ಬರೂ ಹಲಗೆಯ ಹತ್ತಿರ ಬಂದರು. ನನ್ನ ಬೆರಳಿನ ಗೋಂದು ಕಂಡು ಲಾರೆನ್ಸಣ್ಣ ಮೆಲ್ಲಗೆ, "ಮಾರಾಯ, ಇವತ್ತೊಂದು ದಿನ ಸತ್ಯ ಹೇಳಬೇಡ" ಎಂದರು.

ನನಗೆ ಅದು ಆಗಲಿಲ್ಲ. ಹೇಳಿಬಿಟ್ಟೆ.

ಧಣಿಗಳು ಕಾಗದಗಳನ್ನು ಕಿತ್ತರು. ಐದು ತೂತೂ ಒಂದು ಅಂಗೈಯಗಲದೊಳಗೇ ಇದ್ದವು. "ಸಾಕು, ಲಾರೆನ್ಸ್ ಇರಲಿ" ಎಂದು ನನ್ನತ್ತ ತಿರುಗಿದರು. "ಶುಕ್ರವಾರ ನನ್ನ ಭಾವಂದಿರು ಬರುತ್ತಾರೆ. ಹೊಂಡದಲ್ಲಿ ನೀನೇ ಕೂರು. ಗೋಂದು ಜಾಸ್ತಿ ತಾ."

ಇದನ್ನು ನೀವೂ ನಾಲ್ಕು ಮಂದಿಗೆ ಹೇಳಿ. ಆ ಭಾವಂದಿರಿಗೆ ಮಾತ್ರ ಬೇಡ.