ಕಿಟಕಿ ಮುಚ್ಚಿ ಬೇಯಿಸಿದ ಏಡಿ ಸಾರು

ಸುಳ್ಳು ಹೇಳಿ ಬಾಡಿಗೆ ಮನೆ ಹಿಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದಕ್ಕೆಲ್ಲ ಬುಡ ಅಲ್ಲಿದೆ. ಹೊಳೆನರಸೀಪುರದ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದಾಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಗಂಡನಿಗೆ ಚನ್ನರಾಯಪಟ್ಟಣದಲ್ಲಿ ಕೆಲಸ, ಭಾನುವಾರಕ್ಕೆ ಮಾತ್ರ ಬರುತ್ತಿದ್ದರು. ಮೂರು ಕಡೆ ಮನೆ ನೋಡಿ, ಮೂರು ಕಡೆಯೂ "ನೀವು ಯಾವ ಜನ?" ಎನ್ನಿಸಿಕೊಂಡು ವಾಪಸು ಬಂದಿದ್ದೆ. ನಾಲ್ಕನೆಯದು ದೇವಸ್ಥಾನದ ಹಿಂದಿನ ಬೀದಿಯಲ್ಲಿತ್ತು. ಒಂದೇ ಹಳೆಯ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಆ ಕಡೆ ಮನೆಯೊಡತಿ ಒಬ್ಬರೇ. ಅರ್ಚಕರ ಮನೆತನದವರು, ಗಂಡನನ್ನು ಕಳೆದುಕೊಂಡವರು. ಎರಡೂ ಅಡುಗೆಮನೆಗಳ ಕಿಟಕಿಗಳು ಒಂದೇ ಹಿತ್ತಲಿಗೆ ತೆರೆದುಕೊಳ್ಳುತ್ತಿದ್ದವು.

ಅವರು ಜಾತಿ ಕೇಳಲಿಲ್ಲ. ಬಲು ಮರ್ಯಾದಸ್ಥರು. "ಅಡುಗೆ ಎಲ್ಲಾ ನಮ್ಮ ಥರಾನೇ ತಾನೇ, ಅಮ್ಮ?" ಎಂದರು. ಉಳಿದ ಪ್ರಶ್ನೆಗಳೆಲ್ಲ ಆ ಒಂದರ ಹೊಟ್ಟೆಯಲ್ಲೇ ಇದ್ದವು.

"ಹೌದಮ್ಮ, ನಾವು ಅದೆಲ್ಲ ಮುಟ್ಟೋದೇ ಇಲ್ಲ" ಎಂದೆ. ಕಟ್ಟಾಯದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಕೋಳಿ ಕೂಗುವುದನ್ನು ಕೇಳಿದರೇ ಸಾರು ನೆನಪಾಗುತ್ತಿದ್ದವಳು ನಾನು. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಮೂರು ವರ್ಷ ಹಾಗೇ ನಡೆಯಿತು. ಆಸೆಯಾದಾಗ ಹಾಸನಕ್ಕೆ ಹೋಗಿ ಮಿಲಿಟರಿ ಹೋಟೆಲಿನಲ್ಲಿ ಊಟ ಮಾಡಿ, ಬಾಯಿಗೆ ಏಲಕ್ಕಿ ಹಾಕಿಕೊಂಡು ಬರುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಮನೆಯೊಡತಿ ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಶನಿವಾರಕ್ಕೊಮ್ಮೆ ಪುಳಿಯೋಗರೆ ಕೊಡುತ್ತಿದ್ದರು, ನನಗೆ ಜ್ವರ ಬಂದರೆ ಗಂಜಿ ಮಾಡಿ ತರುತ್ತಿದ್ದರು.

ಆ ವರ್ಷ ಮಳೆಗಾಲದಲ್ಲಿ ನನಗೆ ಕೆಮ್ಮು ಹಿಡಿಯಿತು. ತಿಂಗಳಾದರೂ ಬಿಡಲಿಲ್ಲ. ಯಾರೋ ಹೋಗಿ ಊರಲ್ಲಿ ಅವ್ವನಿಗೆ ಹೇಳಿದರು. ಒಂದು ಶನಿವಾರ ಬೆಳಗಿನ ತರಗತಿ ಮುಗಿಸಿ ಮನೆಗೆ ಬರುತ್ತೇನೆ, ಅವ್ವ ಜಗುಲಿಯ ಮೇಲೆ ಕೂತಿದ್ದಾಳೆ. ಮಗ್ಗುಲಲ್ಲಿ ಹಾಲಿನ ಕ್ಯಾನು, ಅದರ ಬಾಯಿಗೆ ಹುಲ್ಲು ತುರುಕಿದ್ದಾಳೆ. ಒಳಗೆ ಹೋದ ಮೇಲೆ ಹುಲ್ಲು ಸರಿಸಿ ತೋರಿಸಿದಳು. ಗದ್ದೆಯ ಏಡಿಗಳು, ಹದಿನೈದಾದರೂ ಇದ್ದವು, ಇನ್ನೂ ಕೆರೆದಾಡುತ್ತಿದ್ದವು.

"ಕೆಮ್ಮಿಗೆ ಏಡಿಕಾಯಿ ಸಾರಿಗಿಂತ ಔಸ್ದಿ ಇಲ್ಲ ಕಣವ್ವ. ನಾಟಿ ಮುಗುದ್ ಮ್ಯಾಕೆ ಗದ್ದೆ ಬದಿನಾಗೆ ಬಿಲಕ್ಕೆ ಕೈ ಆಕಿ ಇಡ್ಕಂಡ್ ಬಂದೆ" ಎಂದಳು. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಕಚ್ಚಿಸಿಕೊಂಡಿದ್ದಾಳೆ ಎಂದು ಗೊತ್ತಾಯಿತು. ನಾನು ಅದನ್ನು ಕೇಳಲಿಲ್ಲ.

ನಾನು ಕೇಳಿದ್ದು ಇಷ್ಟೇ: "ಹೊರಗೆ ಯಾರಾದರೂ ನೋಡಿದರಾ?"

ಆಮೇಲೆ ಮನೆಯ ಕರಾರು ವಿವರಿಸಿದೆ. ಅವ್ವ "ಅಂಗಾರೆ ಬ್ಯಾಡ ಬುಡು, ತಕ್ಕೊಂಡೋಯ್ತೀನಿ" ಎಂದಳು. ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಆದರೆ ಹುಲ್ಲಿನಿಂದ ಬಂದ ಆ ಕೆಸರಿನ ವಾಸನೆ ನನ್ನ ಬುದ್ಧಿ ಕೆಡಿಸಿತು. ಸಾರಿನ ಆಸೆ ಹುಟ್ಟಿದ್ದು ನನಗೇ, ಅವ್ವನಿಗಲ್ಲ.

ನನ್ನ ಹತ್ತಿರ ಒಂದು ಸ್ಲೋ ಕುಕ್ಕರ್ ಇತ್ತು. ಗಂಡನ ಗೆಳೆಯರೊಬ್ಬರು ಕುವೈತಿನಿಂದ ತಂದು ಮದುವೆಗೆ ಕೊಟ್ಟಿದ್ದು. ಒಳಗೆ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಕರೆಂಟಿಗೆ ಸಿಕ್ಕಿಸಿ ಗಂಟೆಗಟ್ಟಲೆ ಬಿಟ್ಟರೆ ತಾನೇ ಬೇಯಿಸುತ್ತದೆ. ಅದಕ್ಕೆ ವಿಷಲ್ ಇಲ್ಲ. ವಿಷಲ್ ಇಲ್ಲದಿದ್ದರೆ ಆವಿ ಹೊರಗೆ ಬರುವುದಿಲ್ಲ, ಆವಿ ಬರದಿದ್ದರೆ ವಾಸನೆ ಇಲ್ಲ ಎಂದು ಲೆಕ್ಕ ಹಾಕಿದೆ. ವಿಜ್ಞಾನದ ಟೀಚರು ಬೇರೆ! ಮನೆಯೊಡತಿ ಮೂರು ಗಂಟೆಗೆ ದೇವಸ್ಥಾನಕ್ಕೆ ಹರಿಕಥೆ ಕೇಳಲು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಅಷ್ಟರಲ್ಲಿ ಬೆಂದಿರುತ್ತದೆ, ತಿಂದೂ ಆಗಿರುತ್ತದೆ.

ಏಡಿ ಸಾರಿಗೆ ಸಣ್ಣ ಕಾಲುಗಳನ್ನು ಒರಳಲ್ಲಿ ಕುಟ್ಟಿ, ರಸ ಹಿಂಡಿ ಸೋಸಬೇಕು. ರುಚಿಯೆಲ್ಲ ಅದರಲ್ಲೇ ಇರುವುದು. ಮನೆಯೊಡತಿ ಹೊರಡುವ ಮೊದಲೇ ಅವ್ವ ಕೆಲಸ ಶುರು ಮಾಡಿದಳು. "ಕುಟ್ಟಬೇಡ, ಸದ್ದಾಗುತ್ತೆ" ಎಂದೆ. ಅವ್ವ ಕಾಲುಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ನೆಲದ ಮೇಲಿಟ್ಟು, ಗುಂಡುಕಲ್ಲಿನಿಂದ ಒತ್ತಿ ಒತ್ತಿ ಪುಡಿ ಮಾಡಿದಳು. ಕಟ್ಟಿದ ಹೆಬ್ಬೆರಳಲ್ಲಿ ಮತ್ತೆ ರಕ್ತ ಜಿನುಗಿತು. ಸ್ವಂತ ಮಗಳ ಮನೆಯಲ್ಲಿ ಕಳ್ಳಿಯ ಹಾಗೆ ಕೂತು ಸಾರಿಗೆ ರಸ ಹಿಂಡಿದಳು. ಮನೆಯೊಡತಿ ಹೊರಟ ಮೇಲೆ ಎಲ್ಲವನ್ನೂ ಕುಕ್ಕರಿಗೆ ಸುರಿದು ಮಸಾಲೆ ಹಾಕಿ, ಕೊನೆಗೆ ಸೆರಗಿನ ಗಂಟಿನಿಂದ ಒಂದು ಹಿಡಿ ಒಣ ಸೀಗಡಿ ತೆಗೆದು ಅದರ ಮೇಲೆ ಉದುರಿಸಿದಳು. ನಾನು ಮುಚ್ಚಳ ಹಾಕಿ, ಸುತ್ತ ಒದ್ದೆ ಬಟ್ಟೆ ಸುತ್ತಿ, ಸ್ವಿಚ್ ಒತ್ತಿದೆ. ಕಿಟಕಿಗಳನ್ನೆಲ್ಲ ಮುಚ್ಚಿದೆ. ನಾಲ್ಕು ಊದುಬತ್ತಿ ಹಚ್ಚಿದೆ.

"ಇದೇನು ಒಲೆನೋ ಸೋಮಾರಿನೋ? ಬೇಯಾಕೆ ಮನಸೇ ಇಲ್ವಲ್ಲ ಇದ್ಕೆ" ಎಂದು ಅವ್ವ ನಕ್ಕಳು. ನಾನೂ ನಕ್ಕೆ. ಅವತ್ತು ನಾವಿಬ್ಬರೂ ನಕ್ಕಿದ್ದು ಅದೊಂದೇ ಸಲ.

ನಾಲ್ಕೂವರೆಗೆ ಕರೆಂಟು ಹೋಯಿತು. ಮತ್ತೆ ಬಂದಾಗ ಆರು ಗಂಟೆ. ಏಡಿ ಅರ್ಧ ಬೆಂದಿತ್ತು, ಸೀಗಡಿ ಮಾತ್ರ ತನ್ನ ಕೆಲಸ ಪೂರ್ತಿ ಮಾಡಿ ಮುಗಿಸಿತ್ತು. ಊದುಬತ್ತಿಯ ಜೊತೆ ಬೆರೆತು ಆ ವಾಸನೆ ಇನ್ನೂ ಹೆಚ್ಚೇ ಆಗಿತ್ತು. ಒಳಗೇ ಇದ್ದ ನಮ್ಮ ಮೂಗಿಗೆ ಗೊತ್ತಾಗಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ಮನೆಯೊಡತಿ ನನ್ನ ಕೆಮ್ಮಿಗೆ ಮೆಣಸಿನ ಕಷಾಯ ಮಾಡಿಕೊಂಡು ಲೋಟ ಹಿಡಿದು ನಿಂತಿದ್ದರು. ಹೊಸ್ತಿಲಿಗೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದರು. "ಏನಮ್ಮ ಇದು ವಾಸನೆ?" ಎಂದರು. ಸಿಟ್ಟಿರಲಿಲ್ಲ, ನಂಬಲಾಗದ ಮುಖ.

ನಾನು ಯೋಚಿಸಿ ಹೇಳಿದ್ದಲ್ಲ. ಅದೇ ನನಗೆ ಇವತ್ತಿಗೂ ಹೆದರಿಕೆ. ಯೋಚಿಸದೆಯೇ ಅಷ್ಟು ಸಲೀಸಾಗಿ ಬಂತು: "ನಮ್ಮವ್ವ ಊರಿಂದ ತಂದುಬಿಟ್ಟಿದ್ದಾರೆ ಅಮ್ಮ. ಬೇಡ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಅವರಿಗೆ ಇಲ್ಲಿಯ ಪದ್ಧತಿ ಗೊತ್ತಾಗಲ್ಲ. ನಾನಂತೂ ತಿನ್ನಲ್ಲ."

ಅವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಒಂದು ಗಳಿಗೆ ನನ್ನ ಕಡೆ ನೋಡಿದಳು. ಆಮೇಲೆ ಮುಂದೆ ಬಂದು ಕೈ ಮುಗಿದಳು.

"ಊ ಕಣ್ರವ್ವ, ನಂದೇ ತೆಪ್ಪು. ನನ್ ಮಗ್ಳು ಇಂತಾವೆಲ್ಲ ಮುಟ್ಟಾಕಿಲ್ಲ. ನಾನೇ ಬಾಯಿಚಪಲಕ್ಕೆ ತಂದ್ಬುಟ್ಟೆ."

ಮನೆಯೊಡತಿಯ ಮುಖ ಸಡಿಲವಾಯಿತು. "ಹೋಗಲಿ ಬಿಡಿ, ನಿಮಗೆ ಹೇಗೆ ತಿಳಿಯಬೇಕು. ಇನ್ನು ಮೇಲೆ ಮಗಳನ್ನ ನೋಡಿ ಕಲಿತುಕೊಳ್ಳಿ" ಎಂದರು. ಕಷಾಯದ ಲೋಟವನ್ನು ಜಗುಲಿಯ ಮೇಲಿಟ್ಟು ಹೋದರು. ನಾನು ಆಗಲೂ ಬಾಯಿ ಬಿಡಲಿಲ್ಲ. ಮನೆ ಉಳಿಯಿತು ಎಂದು ಎದೆ ಹಗುರವಾಗಿದ್ದನ್ನು ಹೇಗೆ ಮುಚ್ಚಿಡಲಿ?

ಅವ್ವ ಬಿಸಿ ಪಿಂಗಾಣಿ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು, ಹಿತ್ತಲ ಬಾಗಿಲಿನಿಂದ ಹೊಳೆಯ ಕಡೆ ಹೋದಳು. ಹಿಂದೆ ಬರುತ್ತೇನೆಂದರೆ ಬೇಡ ಎಂದಳು, ನೋಡಿದವರು ಏನೆಂದುಕೊಂಡಾರು ಎಂದು. ತೊಳೆದ ಪಾತ್ರೆಯೊಂದಿಗೆ ವಾಪಸು ಬಂದು, "ಮೀನು ತಿನ್ಕತವೆ ಬುಡು" ಎಂದಳು. ನನಗೆ ಅನ್ನ ಮಜ್ಜಿಗೆ ಬಡಿಸಿದಳು. ಬೆಳಗಿನ ಮೊದಲ ಬಸ್ಸಿಗೆ ಹೊರಟಳು.

ಆ ಮನೆಯಲ್ಲಿ ಇನ್ನೂ ನಾಲ್ಕು ವರ್ಷ ಇದ್ದೆ. ಅವ್ವ ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಅವರೆಕಾಯಿ, ಸೊಪ್ಪು ಏನೇ ತಂದರೂ ಸ್ಕೂಲಿನ ಗೇಟಿನ ಹತ್ತಿರ ಕಾದಿದ್ದು, ಊಟದ ಬಿಡುವಿನಲ್ಲಿ ಕೊಟ್ಟು ಹೋಗುತ್ತಿದ್ದಳು. ಮನೆಗೆ ಬಾ ಎಂದರೆ ಬಸ್ಸಿನ ಹೊತ್ತಾಯಿತು ಎನ್ನುತ್ತಿದ್ದಳು. ನಾನೂ ಎರಡನೆಯ ಸಲ ಕರೆಯುತ್ತಿರಲಿಲ್ಲ.

ಆಮೇಲೆ ಹಾಸನಕ್ಕೆ ವರ್ಗವಾಗಿ, ಸಾಲಗಾಮೆ ರಸ್ತೆಯ ಕಡೆ ನಮ್ಮದೇ ಮನೆಯಾಯಿತು. ಹೇಳುವವರು ಕೇಳುವವರು ಯಾರೂ ಇಲ್ಲ, ಅಕ್ಕಪಕ್ಕದವರೆಲ್ಲ ತಿನ್ನುವವರೇ. ಗೃಹಪ್ರವೇಶವಾದ ತಿಂಗಳಿಗೆ ಅವ್ವನನ್ನು ಕರೆತಂದೆ. ಅಷ್ಟು ಹೊತ್ತಿಗೆ ಅವಳಿಗೆ ಮಂಡಿ ನೋವು, ಗದ್ದೆಗೆ ಇಳಿಯುವುದನ್ನು ಬಿಟ್ಟಿದ್ದಳು. ಮಾರ್ಕೆಟ್ಟಿನಲ್ಲಿ ಹುಡುಕಿ ಏಡಿ ತಂದೆ. ಒರಳಲ್ಲಿ ಬೀದಿಗೇ ಕೇಳುವಂತೆ ಕುಟ್ಟಿದೆ. ಸೀಗಡಿ ಎರಡು ಹಿಡಿ ಹಾಕಿದೆ. ಅದೇ ಸ್ಲೋ ಕುಕ್ಕರಿನಲ್ಲಿಟ್ಟು, ಎಲ್ಲ ಕಿಟಕಿಗಳನ್ನೂ ತೆರೆದು, ಸ್ನಾನಕ್ಕೆ ಹೋದೆ. ಸಾರು ಬಡಿಸಿದ ಮೇಲೆ ಅವತ್ತಿನ ಮಾತಿಗೆ ಕ್ಷಮೆ ಕೇಳಬೇಕೆಂದುಕೊಂಡಿದ್ದೆ. ನೀರು ಹುಯ್ದುಕೊಳ್ಳುತ್ತಾ ಆ ಮಾತುಗಳನ್ನು ಜೋಡಿಸುತ್ತಿದ್ದೆ.

ಹೊರಗೆ ಬಂದರೆ ಮನೆಯೆಲ್ಲ ಮಬ್ಬು. ಅವ್ವ ಮಂಡಿ ಎಳೆದುಕೊಂಡು ಹೋಗಿ ಒಂದೊಂದೇ ಕಿಟಕಿ ಮುಚ್ಚಿದ್ದಳು. ಕುಕ್ಕರಿನ ಮುಚ್ಚಳಕ್ಕೆ ಒದ್ದೆ ಬಟ್ಟೆ ಸುತ್ತಿದ್ದಳು. ದೇವರ ಗೂಡಿನಿಂದ ಊದುಬತ್ತಿ ತಂದು ಹಚ್ಚಿಟ್ಟು, ಮುಂಬಾಗಿಲ ಹತ್ತಿರ ಕಾವಲು ಕೂತಿದ್ದಳು.

"ಇದು ನಮ್ಮನೆ ಕಣವ್ವ" ಎಂದೆ.

"ಇರ್ಲಿ ಬುಡು" ಎಂದಳು ದನಿ ತಗ್ಗಿಸಿ. "ಯಾರಾರ ಬಂದು ಕೇಳುದ್ರೆ ನಾನೇ ತಂದೆ ಅನ್ನು."