ನೆಟ್ಟಿ ಮರೆಯಬೇಕಾದ ಕೈ

ಬೆಳಗಿನ ಆರು ಇನ್ನೂ ಹೊಡೆದಿಲ್ಲ. ಟಿಪ್ಪರರಿಯ ಈ ಓಣಿಯಲ್ಲಿ ದೀಪ ಉರಿಯುತ್ತಿರುವುದು ಡಿನ್ನಿ ಹೋಗನ್‌ನ ನಾಯಿಮನೆಯಲ್ಲಿ ಮಾತ್ರ. ಬ್ರೀಡಾ ಟುವೊಹಿ ಮಂಡಿಯೂರಿ ಕೂತು, ಓಟದ ಪಂದ್ಯಕ್ಕೆ ಸಾಕಿದ ಗ್ರೇಹೌಂಡ್ ನಾಯಿಯೊಂದರ ತೊಡೆಗೆ ನೋವಿನೆಣ್ಣೆ ತಿಕ್ಕುತ್ತಿದ್ದಾಳೆ. ಬಾಗಿಲಲ್ಲಿ ನಿಂತ ನನ್ನನ್ನು ಒಳಗೆ ಬಾ ಎನ್ನುವುದಿಲ್ಲ. ಎಣ್ಣೆ ಕೈ ಒರೆಸಿಕೊಂಡು ಮೊದಲು ನನ್ನ ಬೂಟು ನೋಡುತ್ತಾಳೆ, ಆಮೇಲೆ ಚೀಲ.

"ನಿನ್ನನ್ನ ಯಾರು ಕಳ್ಸಿದ್ದು?"

ಯಾರೂ ಇಲ್ಲ, ನಮ್ಮೂರ ಪತ್ರಿಕೆಗೆ ಬರೆಯುತ್ತೇನೆ ಅಂದೆ. ಅನುಮಾನ ಇನ್ನೂ ಗಟ್ಟಿಯಾಯಿತು. ಅಷ್ಟು ದೂರದ ಪತ್ರಿಕೆಗೆ ಡಿನ್ನಿಯ ನಾಯಿ ಯಾಕೆ ಬೇಕಂತೆ? ನ್ಯಾಯವಾದ ಪ್ರಶ್ನೆಯೇ. ನನ್ನ ಹೆಂಡತಿ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು, ನಾನು ವರ್ಷಗಟ್ಟಲೆ ಇದೇ ಊರಿನ ಅಂಗಡಿಯಲ್ಲಿ ಹಾಲು ಕೊಂಡವನು. ಆದರೂ ಇವರ ಲೆಕ್ಕದಲ್ಲಿ ನಾನು ನಿನ್ನೆ ಬಸ್ಸಿಳಿದವನು. ನನಗೂ ಅವಳನ್ನು ನಂಬುವ ಮನಸ್ಸೇನೂ ಇರಲಿಲ್ಲ. ಈ ಅಂಗಳದಲ್ಲಿ ನಾಯಿಗಳಿಗೆ ಏಟು ಬೀಳುತ್ತದೆ ಎಂಬ ಮಾತು ಅದೇ ಅಂಗಡಿಯಲ್ಲಿ ನನ್ನ ಕಿವಿಗೂ ಬಿದ್ದಿತ್ತು.

ಬ್ರೀಡಾಗೆ ಅರವತ್ತು ದಾಟಿದೆ. ಅವಳ ಅರ್ಧ ಆಯಸ್ಸು ಡಿನ್ನಿಯ ಬಳಿ ಕೆಲಸಕ್ಕೆ ನಿಂತು ಇಲ್ಲೇ ಕಳೆದಿದೆ. ಹದಿನಾರು ನಾಯಿಗಳ ಹುಲ್ಲುಹಾಸಿಗೆ ಬದಲಿಸುವುದು, ನೆಲ ತೊಳೆಯುವುದು, ನಿನ್ನೆಯ ಬ್ರೆಡ್ಡನ್ನು ಬೆಂದ ಮಾಂಸದ ರಸದಲ್ಲಿ ನೆನೆಸಿ ಬಡಿಸುವುದು, ನಾಲ್ಕು ನಾಲ್ಕನ್ನು ಒಟ್ಟಿಗೆ ಹಿಡಿದು ಓಣಿಯಲ್ಲಿ ನಡೆಸುವುದು ಎಲ್ಲ ಇವಳದೇ. ಓಟದ ಸಂಜೆ ಅವನ್ನು ಓಟ ಶುರುವಾಗುವ ಕಬ್ಬಿಣದ ಗೂಡಿಗೆ ಸೇರಿಸುವವಳೂ ಇವಳೇ. ನಾಯಿ ಗೆದ್ದರೆ ಪತ್ರಿಕೆಯಲ್ಲಿ ಬರುವುದು ಡಿನ್ನಿಯ ಫೋಟೋ. ಇವಳ ಮೊಣಕಾಲು ಎರಡೂ ಸವೆದಿವೆ. ಅದನ್ನು ಕೇಳಿದರೆ ಸಿಡುಕುತ್ತಾಳೆ.

ನೆಟ್ಟಿ ಎಂಬ ಕಪ್ಪು ಹೆಣ್ಣುನಾಯಿ ಓಟದಿಂದ ನಿವೃತ್ತಿಯಾಗಿದ್ದು ಈ ವಸಂತದಲ್ಲಿ. ಅದನ್ನು ಸಾಕಲು ಕರೆದೊಯ್ದವಳು ಅಂಚೆ ಹಂಚುವ ಓರ್ಲಾ ಕ್ವರ್ಕ್. ವಾರ ಕಳೆಯುವಷ್ಟರಲ್ಲಿ ದೂರು ಶುರುವಾಯಿತು. ತಲೆ ಸವರಿದರೆ ಕಲ್ಲಾಗಿ ನಿಲ್ಲುತ್ತದೆ. ಕಿವಿ ಮುಟ್ಟಿದರೆ ಕಣ್ಣಿನ ಬಿಳಿ ಕಾಣುವಷ್ಟು ಬೆದರುತ್ತದೆ. ಮಲಗಿದ್ದಾಗ ಮುದ್ದು ಮಾಡಲು ಹೋದ ಓರ್ಲಾಳ ಮಣಿಕಟ್ಟಿಗೆ ಬಾಯಿ ಹಾಕಿತು. ಕೊನೆಗೊಂದು ಸಂಜೆ, ಓರ್ಲಾಳ ಅಪ್ಪ ಪ್ಯಾಕಿ ಅದರ ಹಿಂಭಾಗಕ್ಕೆ ಕೈ ಹಚ್ಚಿದ್ದೇ ತಡ, ಬಾಣದ ಹಾಗೆ ಹಾರಿ ಗಾಜಿನ ಬಾಗಿಲನ್ನೇ ಒಡೆದುಕೊಂಡು ಹೋಯಿತು. ಎದೆಗೆ ಹೊಲಿಗೆ ಬಿತ್ತು. ಇಂಥ ನಾಯಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲಾರೆ, ಬೇರೆಯವರ ತಲೆಗೂ ಕಟ್ಟಲಾರೆ ಎಂದು ಓರ್ಲಾ ಅತ್ತು, ಶುಕ್ರವಾರ ಅದಕ್ಕೆ ಸಾವಿನ ಸೂಜಿ ಹಾಕಿಸುವುದೆಂದು ಗಟ್ಟಿ ಮಾಡಿದಳು.

ಡಿನ್ನಿ ಹೊಡೆದೂ ಹೊಡೆದೂ ನಾಯಿಯನ್ನು ಹೀಗೆ ಮಾಡಿದ್ದಾನೆ ಎಂದು ಊರು ತೀರ್ಮಾನಿಸಿತು. ಬ್ರೀಡಾ ಅಂಗಡಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಅದನ್ನು ಅವಳು ಸಹಿಸಿಕೊಂಡಳು. ಸಹಿಸಲಾಗದ್ದು ಬೇರೆಯೇ ಇತ್ತು.

"ನಾನೂ ಡಿನ್ನಿ ಕೈನೇ ನೋಡೋಕೆ ಶುರು ಮಾಡ್ದೆ," ಅನ್ನುತ್ತಾಳೆ. "ಅವನು ಪೊರಕೆ ಎತ್ತಿದ್ರೆ ನಾಯಿಗಳು ಬೆದರ್ತಾವಾ ಅಂತ ಕದ್ದು ನೋಡ್ತಿದ್ದೆ. ಮೂವತ್ತು ವರ್ಷ ಒಟ್ಟಿಗೆ ಟೀ ಕುಡಿದೋನು. ಸಾಯಂಕಾಲ ನಾನು ಮನೆಗೆ ಹೋದ್ಮೇಲೆ ಇಲ್ಲೇನಾಗುತ್ತೋ ನಂಗೇನು ಗೊತ್ತು?"

ಗುರುವಾರ ಅವಳು ಓರ್ಲಾಳ ಮನೆಗೆ ಹೋದಳು. ಪ್ಯಾಕಿ ಗೇಟಿಗೇ ಅಡ್ಡ ನಿಂತ. ಯಜಮಾನನ ಮಾನ ಉಳಿಸೋಕೆ ಬಂದ್ಯೇನಮ್ಮ ಅಂದ. ಅಲ್ಲ, ನಾಯಿಯನ್ನು ಹೇಗೆ ಮುಟ್ಟಿದಿರಿ, ತೋರಿಸಿ ಸಾಕು ಅಂದಳು ಇವಳು. ಪ್ಯಾಕಿ ಜೀವಮಾನವಿಡೀ ದನ ಸಾಕಿದವನು. ಗೇಟಿನ ಕಂಬವನ್ನೇ ನಾಯಿ ಮಾಡಿಕೊಂಡು ತೋರಿಸಿದ, ಕರುವನ್ನು ಟ್ರೇಲರಿಗೆ ಹತ್ತಿಸುವ ಹಾಗೆ: ಎಡಗೈ ಕೊರಳಪಟ್ಟಿಗೆ, ಬಲಗೈ ಬಾಲದ ಕೆಳಗೆ, ಮೆಲ್ಲಗೊಂದು ನೂಕು. ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ವಾಷಿಂಗ್ ಮಷೀನು ಗಿರ್ರನೆ ತಿರುಗುತ್ತಿತ್ತು ಎಂದೂ ಸೇರಿಸಿದ.

ಬ್ರೀಡಾ ಕಂಡೊಡನೆ ಗುರುತು ಹಿಡಿದಳಂತೆ. ಅದು ಅವಳದೇ ಕೈವರಸೆ. ಓಟದ ಪ್ರತಿ ಸಂಜೆ ನೆಟ್ಟಿಯನ್ನು ಗೂಡಿಗೆ ನೂಕಿದ್ದು ಹಾಗೆಯೇ. ಬೆನ್ನ ಹಿಂದೆ ಬಾಗಿಲು ಮುಚ್ಚುತ್ತದೆ, ನಾಯಿಗಳು ಬೆನ್ನಟ್ಟುವ ಬೊಂಬೆ ಮೊಲವನ್ನು ಎಳೆಯುವ ಯಂತ್ರ ಗಿರ್ರನ್ನುತ್ತ ಹತ್ತಿರಾಗುತ್ತದೆ, ಮುಂದಿನ ಬಾಗಿಲು ಮೇಲೇಳುತ್ತದೆ, ಓಡಬೇಕು.

ಓರ್ಲಾ ನಂಬಲಿಲ್ಲ. ಒಳ್ಳೇ ಕಥೆ ಕಟ್ಟಿದ್ದೀಯ ಅಂದಳು. ಬ್ರೀಡಾ ಒಳಗೆ ಹೋಗಿ, ಒಡೆದ ಬಾಗಿಲಿಗೆ ಹೊಡೆದಿದ್ದ ಹಲಗೆ ಗಟ್ಟಿಯಿದೆಯೇ ನೋಡಿ, ಸೋಫಾವನ್ನು ಗೋಡೆಯಿಂದ ಗೂಡಿನಷ್ಟು ಅಗಲಕ್ಕೆ ಸರಿಸಿದಳು. ನೆಟ್ಟಿಯ ಕೊರಳಪಟ್ಟಿ ಹಿಡಿದು ಬಾಲದ ಕೆಳಗೆ ಕೈಯಿಟ್ಟಳು, ನೂಕಲಿಲ್ಲ. ನಾಯಿ ತಾನಾಗಿ ಆ ಸಂದಿಗೆ ನಡೆದು, ಮುಂದೆ ಮುಖ ಮಾಡಿ, ಕಿವಿ ನಿಗುರಿಸಿ ನಿಂತಿತು. ಮೈ ನಡುಗುತ್ತಿತ್ತು. ಬಾಲ ಮಾತ್ರ ಕಾಲ ಸಂದಿಗೆ ಸೇರಿರಲಿಲ್ಲ.

ಬಹಳ ಹೊತ್ತು ನೋಡಿದ ಪ್ಯಾಕಿ, "ಹೆದರಿಲ್ಲ ಕಣೇ ಓರ್ಲಾ," ಅಂದ. "ಬಾಗ್ಲು ಏಳ್ಲಿ ಅಂತ ಕಾಯ್ತಾ ಇದೆ."

ಉಳಿದದ್ದನ್ನು ಅಡುಗೆಮನೆಯಲ್ಲಿ ಟೀ ಮುಂದಿಟ್ಟುಕೊಂಡು ಬ್ರೀಡಾ ಬಿಡಿಸಿ ಹೇಳಿದಳು. ಓಡಬೇಕಾದ ನಾಯಿ ಇದೇನಾ ಎಂದು ಪ್ರತಿ ಓಟಕ್ಕೂ ಮುಂಚೆ ಯಾರೋ ಅಪರಿಚಿತರು ಕಿವಿ ಮಗುಚಿ ಅದರೊಳಗಿನ ಗುರುತಿನ ಹಚ್ಚೆ ನೋಡುತ್ತಾರೆ, ಅದಕ್ಕೇ ಕಿವಿ ಮುಟ್ಟಿದರೆ ಆಗದು. ನಾಯಿಮನೆಯಲ್ಲಿ ನಿದ್ದೆಯಲ್ಲಿರುವ ನಾಯಿಯನ್ನು ಯಾರೂ ಮುಟ್ಟುವುದಿಲ್ಲ, ಹಾಗಾಗಿ ದೂರದಿಂದ ಹೆಸರು ಕರೆದು ಎಬ್ಬಿಸಬೇಕು. ಕೈಯನ್ನು ಮೇಲಿಂದ ತರಬಾರದು, ಎದೆಯ ಮಟ್ಟದಲ್ಲಿ ಹಿಡಿದು ಸುಮ್ಮನಿರಬೇಕು, ಬೇಕಾದರೆ ಅದೇ ಬರುತ್ತದೆ. ಓರ್ಲಾ ತಲೆಯಾಡಿಸಿದಳೇ ಹೊರತು ಮುಖ ಸಡಿಲಿಸಲಿಲ್ಲ. ಶುಕ್ರವಾರದ ಸೂಜಿಯ ಮಾತನ್ನಂತೂ ಕೈಬಿಟ್ಟಳು.

ಹಾಗಾದರೆ ಡಿನ್ನಿಯ ಮೇಲಿನ ಅನುಮಾನ ಹೋಯಿತೇ? ಕೇಳಬಾರದಿತ್ತು, ಕೇಳಿಬಿಟ್ಟೆ. ಬ್ರೀಡಾ ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸುತ್ತಾಳೆ. ಅವನು ಹೊಡೆಯುವವನಲ್ಲ ಅಂತ ಈಗ ಗೊತ್ತು, ಆದರೂ ಅವನು ಪೊರಕೆ ಎತ್ತಿದಾಗ ಕಣ್ಣು ಅತ್ತ ಹೋಗುತ್ತದೆ ಅನ್ನುತ್ತಾಳೆ. ಅದು ಡಿನ್ನಿಗೂ ಗೊತ್ತಿದೆ.

ಬೆಳಕು ಹರಿದ ಮೇಲೆ ನಾಲ್ಕು ನಾಯಿ ಹಿಡಿದು ಹೊರಡುತ್ತಾಳೆ. ಓರ್ಲಾಳ ಮನೆ ಬಂದಾಗ ಓಣಿಯ ಆಚೆ ಬದಿಗೆ ದಾಟಿ ನಡೆಯುತ್ತಾಳೆ. ಕಿಟಕಿಯಲ್ಲಿ ನೆಟ್ಟಿ ಮಲಗಿರುವುದು ಕಾಣುತ್ತದೆ, ಪ್ಯಾಕಿಯ ಕೈ ಅದರ ಸೊಂಟದ ಮೇಲಿದೆ. ನಾಯಿ ಏಳುವುದಿಲ್ಲ. ಒಳಗೆ ಹೋಗಿ ಮಾತಾಡಿಸಬಾರದೇ ಎಂದು ಕೇಳುತ್ತೇನೆ. ಇಡೀ ಬೆಳಿಗ್ಗೆ ನನ್ನನ್ನು ಓರೆಗಣ್ಣಲ್ಲೇ ನೋಡಿದವಳು ಈಗ ನೇರ ನೋಡುತ್ತಾಳೆ.

"ಬೇಡ. ನಾನು ಮುಟ್ಟಿದ್ರೆ ಮತ್ತೆ ಓಡ್ಬೇಕು ಅನ್ಕೊಳ್ಳುತ್ತೆ. ಅದು ನನ್ನ ಕೈನ ಮರೀಲಿ."

ನಾಯಿಗಳನ್ನು ಮೆಲ್ಲಗೆ ಎಳೆದುಕೊಂಡು ಮುಂದೆ ನಡೆಯುತ್ತಾಳೆ.