ಅಡೊಮಾಕೊನ ಮೂರು ಗೀರು

ಸುವಾಮೆ ಪೇಟೆಯ ಗ್ಯಾರೇಜು ಸಾಲಿನಲ್ಲಿ ನಾನು ವಾಚೆ ಎಂಬ ಊಟ ಮಾರಲು ಕೂತು ಹತ್ತೊಂಬತ್ತು ವರ್ಷವಾಯಿತು. ಅನ್ನ, ಅಲಸಂದೆ ಒಟ್ಟಿಗೆ ಬೇಯುವ ನನ್ನ ಪಾತ್ರೆಗೂ ಫಿಟ್ಟರ್ ಅಡೊಮಾಕೊನ ಅಂಗಳಕ್ಕೂ ನಡುವೆ ಇರುವುದು ಒಂದು ಚರಂಡಿ ಅಷ್ಟೇ. ಮನುಷ್ಯ ಮಹಾ ಜಂಬದವನು. ಯಾವ ಗಾಡಿ ಬಂದರೂ ಚಪ್ಪಲಿ ಕಳಚಿ, ಅಂಗಾಲನ್ನು ಗಾಡಿಯೊಳಗಿನ ನೆಲಕ್ಕೆ ಒತ್ತಿ ಕೂತು, "ಓಡಿಸು" ಎನ್ನುತ್ತಿದ್ದ. ರೋಗವೇನೆಂದು ಅವನ ಅಂಗಾಲು ಹೇಳುತ್ತಿತ್ತು. ತಾನು ಕೂಡಿಸಿದ ಪ್ರತಿ ಭಾಗದ ಮೇಲೂ ಉಳಿಯಿಂದ ಮೂರು ಗೀರು ಹಾಕುತ್ತಿದ್ದ.

"ಶಾಲೆಗೆ ಹೋಗದವನ ಸಹಿ, ಅಕ್ಕ."

ವರ್ಷದ ಹಿಂದೆ ಸತ್ತ ಡ್ರೈವರ್ ನ್ಯಾರ್ಕೊನ ವ್ಯಾನು ಬಂದದ್ದು ಒಂದು ಗುರುವಾರ. ಓಡಿಸಿಕೊಂಡು ಬಂದವನು ಅವನ ತಂಗಿಯ ಮಗ ಬ್ರೆಫೊ. ನಮ್ಮಲ್ಲಿ ಸ್ವತ್ತು ಮಗನಿಗಲ್ಲ, ಸೋದರಳಿಯನಿಗೆ. ಅದೂ ವರ್ಷದ ಕ್ರಿಯೆ ಮುಗಿದ ಮೇಲೆ, ಕುಲದ ಹಿರಿಯರು ಒಪ್ಪಿದರೆ. ಆ ಕ್ರಿಯೆ ಶನಿವಾರವೇ ಇತ್ತು, ಮಾಂಪೊಂಗ್ ಘಟ್ಟದ ಮೇಲಿನ ಊರಿನಲ್ಲಿ. ಇದೇ ವ್ಯಾನಿನಲ್ಲಿ ನ್ಯಾರ್ಕೊನ ಹೆಂಡತಿಯೂ ಸೇರಿ ಹದಿನಾಲ್ಕು ಜನ ಹೋಗುವವರಿದ್ದರು. ಬ್ರೆಫೊನ ಜೊತೆ ಕುಲದ ಹಿರಿಯ ಸರ್ಪಾಂಗರೂ ಬಂದಿದ್ದರು.

"ಎಕ್ಸಿಲೇಟರ್ ಒತ್ತಿದ್ರೆ ನಡುಗುತ್ತಣ್ಣ," ಎಂದ ಬ್ರೆಫೊ. "ಮಾವ ಇನ್ನೂ ಸ್ಟೇರಿಂಗ್ ಬಿಟ್ಟಿಲ್ಲ ಅಂತಾರೆ ಮನೇಲಿ."

"ನಿಮ್ಮಾವ ಬದುಕಿದ್ದಾಗ್ಲೇ ಅದನ್ನ ನೆಟ್ಟಗೆ ಹಿಡೀತಿರ್ಲಿಲ್ಲ, ಸತ್ತ ಮೇಲೆ ಹಿಡೀತಾನಾ? ನಿಂತಲ್ಲೇ ಒತ್ತು, ನೋಡೋಣ."

ನಿಂತಲ್ಲಿ ಎಷ್ಟು ಒತ್ತಿದರೂ ನಡುಕವಿಲ್ಲ. ಅಡೊಮಾಕೊ, ಬ್ರೆಫೊ ಇಬ್ಬರೂ ಗಾಡಿಯಲ್ಲಿ ಮಸೀದಿ ಕಡೆಯ ಏರಿಗೆ ಹೋಗಿ ಬಂದರು. ಎರಡನೇ ಗೇರಿನಲ್ಲಿ ಒತ್ತಿದರೆ ಗಾಡಿ ಚಳಿಜ್ವರ ಬಂದವರ ಹಾಗೆ ಅದುರುತ್ತದಂತೆ, ಕಾಲು ತೆಗೆದರೆ ಸುಮ್ಮನಾಗುತ್ತದಂತೆ. ಎಂಜಿನ್ನೂ ಅಲ್ಲ, ಗಾಲಿಯೂ ಅಲ್ಲ ಎನ್ನುತ್ತ ಅಡೊಮಾಕೊ ಗಾಡಿಯ ಕೆಳಗೆ ನುಸುಳಿದ. ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗೆ ಒಯ್ಯುವ ಉದ್ದನೆಯ ಶಾಫ್ಟನ್ನು ಹಿಡಿದು ಅಲ್ಲಾಡಿಸಿದ. ಟಕ್ ಟಕ್ ಎಂದದ್ದು ನನಗೂ ಕೇಳಿಸಿತು. ಆಮೇಲೆ ಬಹಳ ಹೊತ್ತು ಅವನು ಹೊರಗೆ ಬರಲೇ ಇಲ್ಲ. ಬಂದಾಗ ಮುಖದಲ್ಲಿ ಕಳೆಯಿರಲಿಲ್ಲ.

"ಶಾಫ್ಟಿನ ಕೀಲಲ್ಲಿರೋ ಶಿಲುಬೆಯಂಥ ತುಂಡು, ಕ್ರಾಸ್, ಸವೆದುಹೋಗಿದೆ. ಘಟ್ಟದಲ್ಲಿ ಮುರಿದ್ರೆ ಶಾಫ್ಟಿನ ಮೂತಿ ರಸ್ತೆಗೆ ನಾಟ್ಕೊಂಡು ಗಾಡೀನೇ ಎತ್ತಿ ಒಗೆಯುತ್ತೆ. ಈಗ್ಲೇ ಬಿಚ್ತೀನಿ."

ಸರ್ಪಾಂಗರು ಊರುಗೋಲು ಅಡ್ಡ ಹಿಡಿದರು. "ಕ್ರಿಯೆ ಆಗೋ ತನಕ ಸತ್ತವನ ಸ್ವತ್ತಿನ ಒಂದು ಬೋಲ್ಟೂ ಬಿಚ್ಚೋ ಹಾಗಿಲ್ಲ."

"ಅಜ್ಜಾ, ಹದಿನಾಲ್ಕು ಜೀವ."

"ನಡುಗ್ತಿರೋದು ಕಬ್ಬಿಣ ಅಲ್ಲಪ್ಪ. ಶನಿವಾರ ಅವನ ಹೆಸರಲ್ಲಿ ನೆಲಕ್ಕೆ ಮದ್ಯ ಎರೀತೀವಿ. ನಿಲ್ಲುತ್ತೆ."

ನನಗೆ ಮೈಯೆಲ್ಲ ಉರಿಯಿತು. ಆದರೆ ಹಿರಿಯರ ಮಾತಿಗೆ ಎದುರಾಡುವ ಬಾಯಿ ನನಗಿರಲಿಲ್ಲ, ಬ್ರೆಫೊಗೂ ಇರಲಿಲ್ಲ. ಎರಡು ದಿನ ಅಡೊಮಾಕೊ ನನ್ನ ಅಂಗಡಿಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಉಣ್ಣದೆ ಕೂತ.

ಶನಿವಾರ ಬೆಳಕು ಹರಿಯುವಾಗ ನಾನು ಒಲೆ ಹಚ್ಚುತ್ತಿದ್ದೆ. ಹೊರಡುವವರೆಲ್ಲ ಬಂದು ಸೇರಲೆಂದು ವ್ಯಾನು ಅಡೊಮಾಕೊನ ಅಂಗಳದಲ್ಲೇ ನಿಂತಿತ್ತು. ಗಾಲಿಗಳಿಗೆ ಕಲ್ಲು ಕೊಟ್ಟು, ಅದರ ಕೆಳಗೆ ಅಡೊಮಾಕೊ ಮಲಗಿದ್ದ. ಶಾಫ್ಟನ್ನು ಇಡಿಯಾಗಿ ಕಳಚಿ ಗೋಣಿಯಲ್ಲಿ ಸುತ್ತಿ ನನ್ನ ಸೌದೆಯ ಹಿಂದೆ ಒರಗಿಸಿದ.

"ತಲೆ ಕೆಟ್ಟಿದ್ಯಾ ನಿಂಗೆ?" ಎಂದೆ.

ಅವನು ಗೋಣಿ ಸರಿಸಿ, ಮುಚ್ಚಳ ಕಳಚಿದ ಕ್ರಾಸನ್ನು ತೋರಿಸಿದ. ಅದು ತಿರುಗಲೆಂದು ಒಳಗಿಟ್ಟ ಸೂಜಿಯಂಥ ಕಡ್ಡಿಗಳೆಲ್ಲ ತುಕ್ಕು ಹಿಡಿದು ಕೆಂಪು ಪುಡಿಯಾಗಿದ್ದವು. ಅದರ ಮೇಲೆ ಮೂರು ಗೀರು.

"ನೀನೇ ಹಾಕಿದ್ದಾ?"

"ಎರಡು ವರ್ಷದ ಹಿಂದೆ. ಗುಜರಿಯಿಂದ ತಂದಿದ್ದು. ನ್ಯಾರ್ಕೊಗೆ ಅವಸರ, ನಂಗೆ ಜಂಬ. ಒಳಗೆ ಬಿಚ್ಚಿ ನೋಡ್ಲೇ ಇಲ್ಲ. ಅಂಗಾಲು ಸರಿ ಅಂತು."

"ಚರಂಡಿಗೆ ಎಸಿ. ನಾನೇನೂ ನೋಡಿಲ್ಲ." ಹಾಗೆ ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಏಳು ಗಂಟೆಗೆ ಕಪ್ಪು ಬಟ್ಟೆಯ ಹೆಂಗಸರು ವ್ಯಾನು ಹತ್ತಿ ಕೂತರು, ಬ್ರೆಫೊ ಕಲ್ಲು ಸರಿಸಿ ಗೇರು ಹಾಕಿದ. ಎಂಜಿನ್ನು ಅರಚಿತು, ಗಾಡಿ ಒಂದಿಂಚೂ ಕದಲಲಿಲ್ಲ. ನ್ಯಾರ್ಕೊನ ಹೆಂಡತಿ "ಅವರೇ ಹಿಡ್ಕೊಂಡಿದ್ದಾರೆ" ಎಂದು ಎದೆ ಬಡಿದುಕೊಂಡು ಇಳಿದಳು. ಕೆಳಗೆ ಬಗ್ಗಿ ನೋಡುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಬೇರೆ ಗಾಡಿ ಹಿಡಿದು ಹೊರಟರು. ಅಡೊಮಾಕೊ ಗೋಣಿ ಹೊತ್ತು ಹೊರಟ. ಒಬ್ಬನನ್ನೇ ಕಳಿಸಲಾಗದೆ ನಾನೂ ಒಲೆ ಆರಿಸಿ ಅವನ ಜೊತೆ ಇನ್ನೊಂದು ಗಾಡಿ ಹತ್ತಿದೆ.

ಊರಿನಲ್ಲಿ ಮದ್ಯ ಎರೆದಾಯಿತು. ಸರ್ಪಾಂಗರು ಎದ್ದು ನಿಂತರು. "ನ್ಯಾರ್ಕೊ ಗಾಡೀನ ಹಿಡಿದು ನಿಲ್ಲಿಸಿದ್ದಾನೆ. ಈ ಅಳಿಯ ಬೇಡ ಅಂದಿದ್ದಾನೆ. ಬ್ರೆಫೊ, ಅವನು ಹಾಸಿಗೆ ಹಿಡಿದಿದ್ದಾಗ ನೀನು ಏನು ಮಾಡಿದ್ದೆ? ಈಗ್ಲೇ ಬಾಯಿಬಿಡು."

ಅಲ್ಲಿದ್ದವರ ಕಣ್ಣೆಲ್ಲ ಬ್ರೆಫೊನ ಕಡೆ ತಿರುಗಿದವು. ಪಕ್ಕದಲ್ಲಿ ಕೂತಿದ್ದವರು ಮೆಲ್ಲಗೆ ದೂರ ಸರಿದರು. ಮಾವನಿಗೆ ಗಂಜಿ ಕುಡಿಸಿ, ಮೈ ಒರೆಸಿದವನು ಅವನೊಬ್ಬನೇ.

ಅಡೊಮಾಕೊ ನಡುವೆ ಬಂದು ಗೋಣಿ ಬಿಚ್ಚಿದ. "ಗಾಡಿ ಹಿಡಿದದ್ದು ನ್ಯಾರ್ಕೊ ಅಲ್ಲ. ನಾನು."

ಸರ್ಪಾಂಗರು ಶಾಫ್ಟಿನ ತುದಿಯ ಕ್ರಾಸನ್ನು ಎತ್ತಿ ಹಿಡಿದರು. ಕೆಂಪು ಪುಡಿ ಅವರ ಅಂಗೈಗೆ ಸುರಿಯಿತು.

"ಇದನ್ನ ಹಾಕಿದ್ದು ಯಾರು?"

ಗುಜರಿಯವನ ಹೆಸರು ಹೇಳಬಹುದಿತ್ತು.

"ಅದೂ ನಾನೇ," ಎಂದ ಅಡೊಮಾಕೊ.

ವ್ಯಾನು ಬ್ರೆಫೊಗೇ ಸಿಕ್ಕಿತು. ಸೋಮವಾರ ಅವನು ಶಾಫ್ಟನ್ನು ಹೊತ್ತು ನಮ್ಮನ್ನು ದಾಟಿ ಎದುರು ಸಾಲಿನ ಫಿಟ್ಟರನ ಬಳಿಗೆ ಹೋದ. ಅಡೊಮಾಕೊನ ಕಡೆ ತಿರುಗಿಯೂ ನೋಡಲಿಲ್ಲ. ಸಂಜೆ ವ್ಯಾನು ಏರು ಹತ್ತಿತು. ನಾವಿಬ್ಬರೂ ಕಿವಿಗೊಟ್ಟು ಕೂತಿದ್ದೆವು. ಎಂಜಿನ್ನಿನ ಸದ್ದು ಒಂದೇ ಸಮನಾಗಿತ್ತು.

"ನಡುಕ ಹೋಯ್ತಲ್ಲ, ಇನ್ನಾದ್ರೂ ಉಣ್ಣು," ಎಂದೆ.

"ಆ ಗುಜರಿ ಡಬ್ಬೀಲಿ ಐದು ಕ್ರಾಸ್ ಇದ್ವು, ಅಕ್ಕ. ಐದನ್ನೂ ನಾನೇ ಹಾಕ್ದೆ," ಎಂದ ಅವನು.

ಅಂದಿನಿಂದ ದಿನಾ ಬೆಳಿಗ್ಗೆ ಅವನು ಗ್ಯಾರೇಜು ತೆರೆಯದೆ ವ್ಯಾನು ನಿಲ್ದಾಣಗಳಿಗೆ ಹೋಗುತ್ತಾನೆ. ಡ್ರೈವರುಗಳು ಹುಚ್ಚ ಎನ್ನುತ್ತಾರೆ. ಸಾಲು ಸಾಲು ಗಾಡಿಗಳ ಕೆಳಗೆ ಮಲಗಿ ಮೂರು ಗೀರು ಹುಡುಕುತ್ತಾನೆ. ಆ ಡಬ್ಬಿಯ ಕ್ರಾಸ್ ಇರುವ ಮೂರು ಗಾಡಿ ಸಿಕ್ಕಿವೆ. ಇನ್ನೊಂದು ಎಲ್ಲೋ ಜನರನ್ನು ತುಂಬಿಕೊಂಡು ಓಡುತ್ತಲೇ ಇದೆ.